ಚರ್ಚಿಲ್‌ನಲ್ಲಿ ಹಿಮಕರಡಿ ಛಾಯಾಗ್ರಹಣ: ಟಂಡ್ರಾ ವಾಹನದ ಮೂರು ದಿನಗಳ ಪ್ರವಾಸ ಹೇಗಿತ್ತು?

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಚರ್ಚಿಲ್ ಊರಿಗೆ ರಸ್ತೆಯಿಲ್ಲ. ವಿನ್ನಿಪೆಗ್‌ನಿಂದ ವಿಮಾನ ಹತ್ತಬೇಕು, ಇಲ್ಲವೇ ಸುಮಾರು ಎರಡು ದಿನ ರೈಲಿನಲ್ಲಿ ಕೂರಬೇಕು. ಸಾವಿರ ಜನರೂ ಇಲ್ಲದ ಈ ಊರಿಗೆ ಪ್ರತಿ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಛಾಯಾಗ್ರಾಹಕರು ಬರುವುದಕ್ಕೆ ಕಾರಣ, ಆ ಹೊತ್ತಿನಲ್ಲಿ ಹಿಮಕರಡಿಗಳೂ ಅಲ್ಲಿಗೆ ಬಂದು ಕಾಯುತ್ತಿರುತ್ತವೆ ಎಂಬುದು. ಬೇಸಿಗೆಯಲ್ಲಿ ಹಡ್ಸನ್ ಕೊಲ್ಲಿಯ ಮಂಜುಗಡ್ಡೆ ಕರಗಿದಾಗ ದಡ ಸೇರುವ ಕರಡಿಗಳಿಗೆ ಸೀಲ್ ಬೇಟೆಗೆ ಮರಳಬೇಕಾದರೆ ಕಾಲಡಿ ಮತ್ತೆ ಮಂಜು ಕಟ್ಟಬೇಕು. ಚರ್ಚಿಲ್ ನದಿಯ ಸಿಹಿನೀರು ಸಮುದ್ರಕ್ಕೆ ಸೇರುವುದರಿಂದ ಈ ದಂಡೆಯಲ್ಲಿ ಕೊಲ್ಲಿ ಬೇಗ ಹೆಪ್ಪುಗಟ್ಟುತ್ತದೆ.

ನವೆಂಬರ್ ಮೊದಲ ವಾರದಲ್ಲಿ ನಾನು ಇಲ್ಲಿನ ಒಂದು ಸಂಸ್ಥೆಯ ಮೂರು ದಿನಗಳ ಛಾಯಾಗ್ರಹಣ ಪ್ರವಾಸಕ್ಕೆ ಸೇರಿದೆ. ನನ್ನ ದೂರೂ ಇದರಲ್ಲಿ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ವೆಚ್ಚ ಸಣ್ಣದಲ್ಲ, ಹಲವು ದಿನಗಳ ಪ್ರವಾಸವೆಂದರೆ ಸಾವಿರಾರು ಕೆನಡಿಯನ್ ಡಾಲರ್‌ಗಳ ಮಾತು. ಆದ್ದರಿಂದ ಕೊಟ್ಟ ಹಣಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯವೆಂದು ಭಾವಿಸಿದ್ದೇನೆ.

ಟಂಡ್ರಾದಲ್ಲಿ, ಅಂದರೆ ಮರಗಳಿಲ್ಲದ ಶೀತ ಬಯಲಿನಲ್ಲಿ, ಓಡಾಡುವ ವಾಹನದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಚಿತ್ರಗಳ ಗುಣಮಟ್ಟ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆಯೇ. ಲೆನ್ ಸ್ಮಿತ್ ಎಂಬವರು 1979ರಲ್ಲಿ ಈ ಊರಿನಲ್ಲೇ ಮೊದಲು ಕಟ್ಟಿದ ಬಗೆಯ ಈ ಬಸ್ಸಿಗೆ ಆಳೆತ್ತರದ ಚಕ್ರಗಳಿವೆ, ಇಳಿಸಬಹುದಾದ ಕಿಟಕಿಗಳಿವೆ, ಹಿಂಬದಿಯಲ್ಲಿ ಕಟಕಟೆ ಕಟ್ಟಿದ ತೆರೆದ ಜಗಲಿಯಿದೆ. ಎತ್ತರ ಸುರಕ್ಷತೆಗೆ ಬೇಕೇ ಬೇಕು. ಆದರೆ ಕಿಟಕಿಯಿಂದ ತೆಗೆದರೆ ಹತ್ತಿರ ಬಂದ ಕರಡಿಯ ಬೆನ್ನು ಕಾಣುತ್ತದೆ, ಮುಖದ ಹಿಂದೆ ದಿಗಂತದ ಬದಲು ನೆಲ ಬರುತ್ತದೆ. ಕಣ್ಣಿಗೆ ಕಣ್ಣು ಸಮನಾದ ಚಿತ್ರ ಬೇಕಿದ್ದರೆ ಕರಡಿ ಐವತ್ತು ಅರುವತ್ತು ಮೀಟರ್ ದೂರದಲ್ಲಿದ್ದಾಗಲೇ ಉದ್ದನೆಯ ಲೆನ್ಸಿನಿಂದ ತೆಗೆಯಬೇಕು. 100–400 ಮಿ.ಮೀ. ಲೆನ್ಸ್ ಮೂರು ದಿನವೂ ನನ್ನ ಕೈಬಿಡಲಿಲ್ಲ. ಟ್ರೈಪಾಡಿಗೆ ಇಲ್ಲಿ ಜಾಗವೂ ಇಲ್ಲ, ಉಪಯೋಗವೂ ಇಲ್ಲ. ಲೆನ್ಸಿಗೆ ಆಸರೆಯಾಗಿ ಕಿಟಕಿಯ ಅಂಚಿನ ಮೇಲಿಡುವ ಬೀನ್‌ಬ್ಯಾಗನ್ನು ಸಂಸ್ಥೆಯೇ ಕೊಟ್ಟಿತು.

ಮೊದಲ ಬೆಳಗಿನ ದೂರದ ಚಿತ್ರಗಳೆಲ್ಲ ಮಸುಕಾಗಿ ಬಂದವು. ಒಳಗಿನ ಹೀಟರಿನ ಬಿಸಿಗಾಳಿ ಇಳಿಸಿದ ಕಿಟಕಿಯಿಂದ ಹೊರಗೆ ನುಗ್ಗಿ, ಹೊರಗಿನ ಚಳಿಗಾಳಿಯೊಡನೆ ಬೆರೆತು ಲೆನ್ಸಿನ ಮುಂದೆಯೇ ಅಲೆಯಾಡುತ್ತಿತ್ತು. ಎಷ್ಟು ಬೆಲೆಬಾಳುವ ಲೆನ್ಸಿದ್ದರೂ ಇದಕ್ಕೆ ಮದ್ದಿಲ್ಲ. ಸಂಗತಿ ತಿಳಿಸಿದ ಮೇಲೆ, ಕರಡಿ ಕಂಡಾಗಲೆಲ್ಲ ಚಾಲಕರು ಹೀಟರ್ ಆರಿಸಿದರು. ಆದರೂ ಛಾಯಾಗ್ರಹಣಕ್ಕೆಂದೇ ಮಾರುವ ಪ್ರವಾಸದಲ್ಲಿ ಇದನ್ನು ನಾವು ಕೇಳುವಂತಾಗಬಾರದಿತ್ತು. ಎರಡನೆಯ ದಿನದಿಂದ ನಾನು ಆದಷ್ಟು ಹಿಂದಿನ ಜಗಲಿಯಲ್ಲೇ ನಿಂತೆ. ಬೆರಳುಗಳು ಮರಗಟ್ಟಿದವು, ಚಿತ್ರಗಳು ಸ್ಪಷ್ಟವಾದವು.

ಆ ಜಗಲಿಯ ನೆಲ ಉಕ್ಕಿನ ಜಾಲರಿಯದು. ಎರಡನೆಯ ಮಧ್ಯಾಹ್ನ ಎಳೆಯ ಗಂಡು ಕರಡಿಯೊಂದು ವಿಲೋ ಪೊದೆಗಳ ನಡುವಿನಿಂದ ಎದ್ದು, ಅವಸರವಿಲ್ಲದೆ ನಡೆದು ಬಂದು ನೇರವಾಗಿ ನನ್ನ ಬೂಟುಗಳ ಕೆಳಗೆ ನಿಂತಿತು. ಜಾಲರಿಯ ಕಿಂಡಿಗಳಿಗೆ ಕಪ್ಪು ಮೂಗನ್ನು ಒತ್ತಿ ಅದು ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಬಿಟ್ಟ ಉಸಿರು ಹಬೆಯಾಗಿ ನನ್ನ ಪಾದಗಳ ಸುತ್ತ ಏರಿತು. ಗಲ್ಲದ ರೋಮದಲ್ಲಿ ಮಂಜಿನ ಸಣ್ಣ ಹರಳುಗಳು ಅಂಟಿದ್ದವು. ದೂರದಿಂದ ಬಿಳಿಯಾಗಿ ಕಂಡಿದ್ದ ಮೈ ಹತ್ತಿರದಿಂದ ಬೆಣ್ಣೆಯ ಬಣ್ಣದ್ದಾಗಿತ್ತು. ಉದ್ದನೆಯ ಲೆನ್ಸ್ ಅಷ್ಟು ಹತ್ತಿರಕ್ಕೆ ಫೋಕಸ್ ಆಗುವುದಿಲ್ಲ. 24–70 ಮಿ.ಮೀ. ಲೆನ್ಸ್ ಹಾಕಿದ್ದ ಎರಡನೆಯ ಕ್ಯಾಮೆರಾ ಕೊರಳಲ್ಲಿ ಇಲ್ಲದಿದ್ದರೆ ಒಂದು ಚಿತ್ರವೂ ಸಿಗುತ್ತಿರಲಿಲ್ಲ.

ಸೇವೆಯಲ್ಲಿ ನಾನು ಮನಸಾರೆ ಮೆಚ್ಚಿದ್ದು ಚಾಲಕರು ಕಾಯುವ ರೀತಿಯನ್ನು. ಇಲ್ಲಿನ ವನ್ಯಜೀವಿ ನಿರ್ವಹಣಾ ಪ್ರದೇಶದಲ್ಲಿ ಪರವಾನಗಿ ಪಡೆದ ಕೆಲವೇ ವಾಹನಗಳು, ಅದೂ ಹಿಂದೆ ಸೇನೆಯವರು ಬಳಸುತ್ತಿದ್ದ ಹಳೆಯ ಜಾಡುಗಳಲ್ಲೇ, ಓಡಾಡಬೇಕು. ಕರಡಿಯ ಹಿಂದೆ ಹೋಗುವ ಪ್ರಶ್ನೆಯೇ ಇಲ್ಲ. ಮೂರನೆಯ ದಿನ ತಾಯಿ ಮತ್ತು ಎರಡು ಮರಿಗಳು ಕಾಣಿಸಿದಾಗ ನಮ್ಮ ಚಾಲಕರು ಬಹಳ ದೂರದಲ್ಲೇ ಎಂಜಿನ್ ಆರಿಸಿ ಸುಮ್ಮನೆ ಕುಳಿತರು. ಇನ್ನಷ್ಟು ಹತ್ತಿರ ಹೋಗೋಣವೆಂದು ಒಬ್ಬರು ಕೇಳಿದಾಗ, ಬರಬೇಕೋ ಬೇಡವೋ ಎಂದು ತಾಯಿಯೇ ತೀರ್ಮಾನಿಸಲಿ ಎಂದರು. ನಲವತ್ತು ನಿಮಿಷ ಕಳೆದ ಮೇಲೆ ಅವು ಹೆಪ್ಪುಗಟ್ಟಿದ ಕೆರೆಯೊಂದನ್ನು ದಾಟಿ ನಮ್ಮ ಮುಂದೆಯೇ ಹಾದುಹೋದವು. ಮರಿಗಳು ತಾಯಿಯ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತಿದ್ದವು. ತಾಯಿ ಒಮ್ಮೆಯೂ ಗಾಬರಿಯಿಂದ ತಲೆಯೆತ್ತಲಿಲ್ಲ, ಆ ನೆಮ್ಮದಿ ನನ್ನ ಚಿತ್ರಗಳಲ್ಲೂ ಕಾಣುತ್ತದೆ. ಅಟ್ಟಿಸಿಕೊಂಡು ಹೋಗಿದ್ದರೆ ನಮಗೆ ಸಿಗುತ್ತಿದ್ದುದು ಅವುಗಳ ಬೆನ್ನು ಮಾತ್ರ.

ಈ ಎಚ್ಚರಕ್ಕೆ ಇನ್ನೂ ದೊಡ್ಡ ಕಾರಣವಿದೆ. ದಡದಲ್ಲಿ ಕಾಯುವ ಕರಡಿಗಳು ಬಹುಪಾಲು ಉಪವಾಸವಿದ್ದು, ಮೈಯ ಕೊಬ್ಬನ್ನೇ ಕರಗಿಸಿಕೊಂಡು ಬದುಕುತ್ತವೆ. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರ ವೈಮಾನಿಕ ಗಣತಿಯ ಅಂದಾಜಿನಂತೆ 842 ಹಿಮಕರಡಿಗಳಿದ್ದವು. 2021ರ ಅಂದಾಜು 618. ಈ ಅಂಕಿಗಳನ್ನು ಮಾರ್ಗದರ್ಶಕರು ಮೊದಲ ಸಂಜೆಯೇ ನಮ್ಮ ಮುಂದಿಟ್ಟರು. ಮರುದಿನ ಕಂಡ ಬಡಕಲು ಕರಡಿಯೊಂದನ್ನು ನಾನು ಬೇರೆಯೇ ಕಣ್ಣಿನಿಂದ ನೋಡಿದೆ.

ಇನ್ನು ದೂರು. ಒಬ್ಬೊಬ್ಬರಿಗೆ ಒಂದೊಂದು ಕಿಟಕಿ ಎಂದು ಮುಂಗಡ ಕೊಡುವಾಗ ಬರಹದಲ್ಲೇ ತಿಳಿಸಿದ್ದರು. ಎರಡನೆಯ ದಿನ ಸಾಮಾನ್ಯ ಪ್ರವಾಸಿಗರನ್ನೂ ನಮ್ಮ ವಾಹನಕ್ಕೆ ಹತ್ತಿಸಿದ್ದರಿಂದ ಒಂದು ಕಿಟಕಿಗೆ ಇಬ್ಬರಾದೆವು. ಹೊಸದಾಗಿ ಬಂದವರ ತಪ್ಪೇನೂ ಇರಲಿಲ್ಲ; ಆದರೆ ಅವರು ನಡೆದಾಡಿದಾಗಲೆಲ್ಲ ವಾಹನ ಅಲುಗಾಡಿ, ಎರಡು ಗಂಡು ಕರಡಿಗಳು ಹಿಂಗಾಲಲ್ಲಿ ನಿಂತು ಸೆಣಸಿದ ಹೊತ್ತಿನ ಹಲವು ಚಿತ್ರಗಳು ಚೌಕಟ್ಟು ತಪ್ಪಿದವು. ಕಚೇರಿಯವರು ಕ್ಷಮೆ ಕೇಳಿದರು, ಹಣ ಹಿಂತಿರುಗಿಸಲು ಒಪ್ಪಲಿಲ್ಲ. ಇದನ್ನು ನಾನು ಸಣ್ಣ ಲೋಪವೆಂದು ಬಿಟ್ಟುಕೊಡಲಾರೆ.

ನಾರ್ವೆಯ ಸ್ವಾಲ್‌ಬಾರ್ಡ್‌ಗೆ ಹೋಗುವುದೋ ಇಲ್ಲಿಗೆ ಬರುವುದೋ ಎಂದು ಯೋಚಿಸುತ್ತಿರುವವರಿಗೆ ಒಂದು ಮಾತು. ಅಲ್ಲಿ 2025ರಿಂದ ಹಿಮಕರಡಿಗೆ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರವಿರಬೇಕೆಂಬ ನಿಯಮವಿದೆ. ಸಮುದ್ರದ ಮಂಜಿನ ವಿಶಾಲ ನೋಟದಲ್ಲಿ ಪುಟ್ಟದಾಗಿ ಕಾಣುವ ಕರಡಿ ಬೇಕೆಂದರೆ ಅಲ್ಲಿಗೆ ಹೋಗಬಹುದು. ಮುಖಭಾವ ಬೇಕೆಂದರೆ ಚರ್ಚಿಲ್ಲೇ ಸರಿ.

ಬರುವವರು ಬ್ಯಾಟರಿಗಳನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಹಿಮವನ್ನು ಕ್ಯಾಮೆರಾ ಬೂದುಬಣ್ಣಕ್ಕೆ ಇಳಿಸುವುದರಿಂದ ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಪಡೆಯುವ ಬೆಳಕನ್ನು, ಒಂದರಿಂದ ಒಂದೂವರೆ ಸ್ಟಾಪ್ ಏರಿಸಿಕೊಳ್ಳಿ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು). ಸಂಜೆ ಕೋಣೆಗೆ ಹೋಗುವ ಮುನ್ನ, ಕೋಣೆಯ ಬಿಸಿಗಾಳಿಯ ತೇವ ಕ್ಯಾಮೆರಾದ ಮೇಲೆ ಕೂರದಂತೆ, ಹೊರಗಿನ ಚಳಿಯಲ್ಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ. ಎರಡು ಗಂಟೆಯಾದರೂ ಅದನ್ನು ತೆರೆಯಬೇಡಿ. ಮುಂಗಡ ಕೊಡುವ ಮೊದಲು, ಪ್ರತಿದಿನ ವಾಹನದಲ್ಲಿ ಎಷ್ಟು ಜನರಿರುತ್ತಾರೆ, ಆ ಮಾತು ತಪ್ಪಿದರೆ ಎಷ್ಟು ಹಣ ಹಿಂದಿರುಗಿಸುತ್ತಾರೆ ಎಂಬ ಎರಡನ್ನೂ ಬರಹದಲ್ಲಿ ಪಡೆದುಕೊಳ್ಳಿ. ನಾನು ಮೊದಲನೆಯದನ್ನಷ್ಟೇ ಕೇಳಿದ್ದೆ.