ಅತಿಥಿಗಳಿಗೆ ಕೊಡೋಕೆ ಅಗ್ಗದ ವೈನ್: ಕೊನೆಗೆ ಉಳಿದದ್ದು ಎರಡೇ
ನಮ್ಮದು ಮೂರೇ ಕೋಣೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್. ಬಂದವರಿಗೆ ಸಂಜೆ ಒಂದು ಗ್ಲಾಸ್ ವೈನ್ ನಮ್ಮ ಲೆಕ್ಕದಲ್ಲೇ. ಹಾಗಾಗಿ ದುಬಾರಿ ಬಾಟಲಿಯ ಮಾತೇ ಇಲ್ಲ. ಆರು ತಿಂಗಳು ಏನೇನೋ ತಂದು ನೋಡಿ, ಬಿಳಿಯಲ್ಲಿ ಶೆನಿನ್ ಬ್ಲಾಂಕ್ ಅನ್ನೋ ದ್ರಾಕ್ಷಿಯ ವೈನ್‌ಗೆ ಅಂಟಿಕೊಂಡಿದ್ದೇನೆ. ಹದವಾದ ಹುಳಿ, ಸೇಬಿನ ಘಮ. ಅಭ್ಯಾಸ ಇಲ್ಲದವರೂ ಮುಖ ಕಿವುಚುವುದಿಲ್ಲ. ಕೆಂಪಿಗೆ ಗಾರ್ನಾಚಾ ಅನ್ನೋ ದ್ರಾಕ್ಷಿಯದ್ದು ಸಾಕು. ಓಕ್ (ವೈನ್‌ಗೆ ಘಮ ಕೊಡುವ ಮರ) ಅಂತ ದೊಡ್ಡದಾಗಿ ಬರೆದ ಅಗ್ಗದ್ದು ಮಾತ್ರ ಬೇಡ, ಮರದ ಪುಡಿ ನೆಕ್ಕಿದ ಹಾಗಿತ್ತು.

ತಿರುಪು ಮುಚ್ಚಳದ್ದೇ ತಗೊಳ್ಳಿ. ಬಿರಡೆಯಿಂದಲೇ ಕೆಲವೊಮ್ಮೆ ವೈನ್ ಕೆಡುತ್ತದೆ. ಒಮ್ಮೆ ಬಿರಡೆ ಕಿತ್ತರೆ ಗುಪ್ಪೆಂದು ಒದ್ದೆ ರಟ್ಟಿನ ವಾಸನೆ, ಅದೂ ಅತಿಥಿಯ ಎದುರಿಗೇ! 750 ಮಿಲೀ ಬಾಟಲಿಯಲ್ಲಿ 150 ಮಿಲೀಯಂತೆ 5 ಗ್ಲಾಸ್ ಸಿಗುತ್ತದೆ. ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ. ನಾಲ್ಕನೇ ದಿನ ಅದು ಅಡುಗೆಮನೆ ಪಾಲು.