ಗೋಪುರ, ದಾಳ, ಮರಳು, ಗೊಂಬೆ: ಮಕ್ಕಳ ಚೇತರಿಕೆಯ ಶಕ್ತಿಯನ್ನು ತೋರುವ ನಾಲ್ಕು ಆಟಗಳ ಹೋಲಿಕೆ

ಆಟದ ಮೂಲಕ ನೀಡುವ ಚಿಕಿತ್ಸೆಯಲ್ಲಿ, ಮಗು ನೋವಿನಿಂದ ಚೇತರಿಸಿಕೊಳ್ಳುವ ಶಕ್ತಿಯನ್ನು ಅಂದಾಜು ಮಾಡಲು ನಾನು ಹೆಚ್ಚಾಗಿ ಬಳಸಿರುವುದು ನಾಲ್ಕು ಆಟಗಳನ್ನು: ಮರದ ತುಂಡುಗಳ ಗೋಪುರ ಕಟ್ಟುವ ಜೆಂಗಾ, ಹಾವು ಏಣಿಯಂಥ ದಾಳದ ಆಟ, ಮರಳ ತಟ್ಟೆ, ಮತ್ತು ನಾವು ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು ಮಗು ಗೊಂಬೆಗಳಿಂದ ಮುಗಿಸುವ ಆಟ. ಸೋತಾಗ ಮಗು ಅತ್ತಿತೇ ಎಂಬ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅತ್ತ ಮೇಲೆ ಎಷ್ಟು ಹೊತ್ತಿಗೆ, ಯಾರ ಆಸರೆಯಿಂದ, ಯಾವ ದಾರಿ ಹಿಡಿದು ಮತ್ತೆ ಆಟಕ್ಕೆ ಮರಳಿತು ಎಂಬುದನ್ನು ಯಾವ ಆಟ ಸ್ಪಷ್ಟವಾಗಿ ತೋರಿಸುತ್ತದೆಯೋ ಅದೇ ನನ್ನ ಲೆಕ್ಕದಲ್ಲಿ ಮೇಲು. ಸದ್ದಿಲ್ಲದೆ ಸೋಲನ್ನು ನುಂಗಿಕೊಳ್ಳುವ ಮಗುವನ್ನು ಗಟ್ಟಿಗ ಎಂದು ಹೊಗಳುವ ಹಿರಿಯರು ಬಹಳ ಮಂದಿ. ಆ ಮೌನದ ಹಿಂದೆ ಎಷ್ಟೋ ಸಲ ಭಯವಿರುತ್ತದೆ.

ಈ ದೃಷ್ಟಿಯಿಂದ ಜೆಂಗಾಕ್ಕೆ ಮೊದಲ ಸ್ಥಾನ. ಲೆಸ್ಲಿ ಸ್ಕಾಟ್ 1983ರಲ್ಲಿ ಮಾರುಕಟ್ಟೆಗೆ ತಂದ ಈ ಆಟದಲ್ಲಿ 54 ತುಂಡುಗಳನ್ನು ಮೂರು ಮೂರರಂತೆ ಅಡ್ಡ ಉದ್ದ ಜೋಡಿಸಿ 18 ಸಾಲುಗಳ ಗೋಪುರ ಕಟ್ಟುತ್ತಾರೆ. ಬಳಿಕ ಒಬ್ಬೊಬ್ಬರೂ ಒಂದೊಂದು ತುಂಡನ್ನು ಎಳೆದು ಮೇಲಿಡಬೇಕು. ಗೋಪುರ ಬೀಳುವುದು ಖಚಿತ, ಆದರೆ ಯಾವಾಗ ಎಂಬುದು ಯಾರಿಗೂ ತಿಳಿಯದು. ಹಾಗಾಗಿ ಬೀಳುವ ಮೊದಲೇ ಮಗುವಿನ ಉಸಿರು, ಭುಜ, ಬೆರಳುಗಳಲ್ಲಿ ಆತಂಕ ಕಾಣತೊಡಗುತ್ತದೆ. ಬಿದ್ದದ್ದು ತನ್ನ ಕೈಯಿಂದಲೇ ಆದ್ದರಿಂದ ಅದು ಮೇಜನ್ನು ದೂರುತ್ತದೆಯೋ, ತನ್ನನ್ನೇ ಬೈದುಕೊಳ್ಳುತ್ತದೆಯೋ, ಗಟ್ಟಿಯಾಗಿ ನಕ್ಕು ಮರೆಸುತ್ತದೆಯೋ, ಎದುರಿಗಿರುವ ದೊಡ್ಡವರ ಮುಖ ನೋಡುತ್ತದೆಯೋ ಎಂಬುದೆಲ್ಲ ಕೆಲವೇ ಕ್ಷಣಗಳಲ್ಲಿ ಬಯಲಾಗುತ್ತದೆ. ಇದರಲ್ಲಿ ಕೊನೆಯದನ್ನು ನಾನು ಬಹಳ ಗಮನಿಸುತ್ತೇನೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮ್ಮಿ ವೆರ್ನರ್ ಅವರ ಅಧ್ಯಯನದಲ್ಲಿ, ತೀರ ಕಷ್ಟದ ಪರಿಸ್ಥಿತಿಯಲ್ಲಿ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಮರ್ಥರಾಗಿ ಬೆಳೆದರು. ಅಂಥವರಿಗೆ ನೆರವಾದ ಸಂಗತಿಗಳಲ್ಲಿ ನಂಬಬಹುದಾದ ಒಬ್ಬ ಹಿರಿಯರೊಡನೆ ಇದ್ದ ಗಟ್ಟಿ ಬಾಂಧವ್ಯವೂ ಒಂದು. ಗೋಪುರ ಕುಸಿದಾಗ ಯಾರ ಮುಖವನ್ನೂ ಹುಡುಕದ ಮಗುವಿನ ಬಗ್ಗೆ ನನಗೆ ಹೆಚ್ಚು ಚಿಂತೆಯಾಗುತ್ತದೆ.

ಆಮೇಲೆ ಮತ್ತೆ ಕಟ್ಟುವ ಕೆಲಸವಿದೆ. ಸಾಲುಗಳನ್ನು ಮೊದಲಿನಿಂದ ಜೋಡಿಸುವುದು ಬೇಸರದ ಕೆಲಸವಾದ್ದರಿಂದ, ಒಬ್ಬನೇ ಹಟ ಹಿಡಿದು ಕಟ್ಟುವವನು, ನೀವೂ ಬನ್ನಿ ಎಂದು ಕರೆಯುವವಳು, ಬೇರೆ ಆಟ ಕೊಡಿ ಎಂದು ಎದ್ದು ಹೋಗುವವನು ಇಲ್ಲಿ ಬೇರೆ ಬೇರೆಯಾಗಿ ಕಾಣುತ್ತಾರೆ. ದೋಷಗಳೂ ಇಲ್ಲದಿಲ್ಲ. ಬೆರಳ ಹಿಡಿತ ಇನ್ನೂ ಕೂಡಿಬರದ ಪುಟ್ಟ ಮಗುವಿಗೆ ಇದು ಬರಿಯ ಕೈಚಳಕದ ಪರೀಕ್ಷೆಯಾಗಿಬಿಡುತ್ತದೆ. ತುಂಡುಗಳು ಉರುಳುವ ಸದ್ದಿಗೇ ಬೆಚ್ಚುವ ಮಕ್ಕಳಲ್ಲಿ ನಾವು ನೋಡುತ್ತಿರುವುದು ಸೋಲಿನ ನೋವನ್ನೋ ಸದ್ದಿನ ಗಾಬರಿಯನ್ನೋ ಎಂದು ಬಿಡಿಸಿ ಹೇಳಲಾಗದು.

ದಾಳದ ಆಟದಲ್ಲಿ ಸೋಲು ಅದೃಷ್ಟದ್ದು. ಹಾವಿನ ಬಾಯಿಗೆ ಬೀಳುವುದರಲ್ಲಿ ಮಗುವಿನ ತಪ್ಪೇನೂ ಇರುವುದಿಲ್ಲವಾದ್ದರಿಂದ, ಅನ್ಯಾಯವನ್ನು ಅದು ಹೇಗೆ ತಾಳಿಕೊಳ್ಳುತ್ತದೆ, ಸಣ್ಣ ಸಣ್ಣ ನಿರಾಸೆಗಳು ಒಂದರ ಮೇಲೊಂದು ಬಂದಾಗ ಎಲ್ಲಿ ಒಡೆಯುತ್ತದೆ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ. ಐದಾರು ವರ್ಷದ ಮಗು ತನಗೆ ಬೇಕಾದಂತೆ ನಿಯಮ ತಿದ್ದಿಕೊಂಡರೆ ಅದು ವಯಸ್ಸಿನ ಸಹಜ ವರ್ತನೆ. ಒಂಬತ್ತು ಹತ್ತರಲ್ಲೂ ಪ್ರತಿ ಸಲ ದಾಳ ತಿರುಗಿಸಿಡುತ್ತಿದ್ದರೆ, ಸೋಲು ಅದಕ್ಕೆ ಏಕೆ ಅಷ್ಟು ಅಪಾಯಕಾರಿಯಾಗಿ ಕಾಣುತ್ತಿದೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಕನಿಕರಪಟ್ಟು ಚಿಕಿತ್ಸಕರೇ ಬೇಕೆಂದು ಸೋತರೆ ಈ ಆಟದಿಂದ ತಿಳಿಯುವುದು ಏನೂ ಉಳಿಯದು. ಆಟ ಎಳೆದಷ್ಟೂ ಉದ್ದವಾಗುವುದು ಇನ್ನೊಂದು ತೊಡಕು.

ಮರಳ ತಟ್ಟೆಯ ದಾರಿಯೇ ಬೇರೆ. ಮಾರ್ಗರೆಟ್ ಲೋವೆನ್‌ಫೆಲ್ಡ್ ಲಂಡನ್ನಿನಲ್ಲಿ ಆರಂಭಿಸಿ, ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ಚಿಂತನೆಯ ಜಾಡಿನಲ್ಲಿ ಬೆಳೆಸಿದ ಈ ವಿಧಾನದಲ್ಲಿ, ನೀರೆಂದು ತೋರುವಂತೆ ತಳಕ್ಕೆ ನೀಲಿ ಬಳಿದ ತಟ್ಟೆಯ ಮರಳಿನಲ್ಲಿ ಮಗು ಪುಟ್ಟ ಬೊಂಬೆಗಳಿಂದ ತನ್ನ ಲೋಕವನ್ನು ಕಟ್ಟುತ್ತದೆ. ಮಾತಾಡದ ಮಗುವಿಗೆ ಇದಕ್ಕೆ ಸಾಟಿಯಿಲ್ಲ. ಆದರೆ ಇಲ್ಲಿ ಸೋಲೆಂಬುದೇ ಇಲ್ಲವಾದ್ದರಿಂದ ಚೇತರಿಕೆಯೂ ಒಂದೇ ಭೇಟಿಯಲ್ಲಿ ಕಾಣಸಿಗದು. ವಾರಗಳುದ್ದಕ್ಕೂ ಬರೀ ಯುದ್ಧವೇ ನಡೆಯುತ್ತಿದ್ದ ಮರಳಿನಲ್ಲಿ ಒಂದು ದಿನ ಆಂಬುಲೆನ್ಸ್ ಬರುತ್ತದೆಯೇ ಎಂದು ಕಾಯಬೇಕು. ಹೂತಿಟ್ಟ ಬೊಂಬೆಗೆಲ್ಲ ಗೂಢಾರ್ಥ ಹಚ್ಚುವ ನಮ್ಮ ಚಪಲವೂ ಅಡ್ಡ ಬರುತ್ತದೆ.

ಮೂರರಿಂದ ಏಳರ ವಯಸ್ಸಿನವರಿಗೆ ನಾನು ಗೊಂಬೆ ಕಥೆಯನ್ನೇ ಆರಿಸುತ್ತೇನೆ. ಮರಿ ಕರಡಿ ಹಣ್ಣಿನ ರಸ ಚೆಲ್ಲಿತು, ಮುಂದೇನಾಯಿತು ತೋರಿಸು ಎಂದರೆ, ತಪ್ಪಾದಾಗ ಮಗು ದೊಡ್ಡವರಿಂದ ಹೊಡೆತವನ್ನು ನಿರೀಕ್ಷಿಸುತ್ತದೆಯೋ ನೆರವನ್ನೋ ಎಂಬುದು ಹೊರಬರುತ್ತದೆ. ಮಾತು ಬಲ್ಲ ಜಾಣ ಮಕ್ಕಳು ಮಾತ್ರ ಕಲಿಸಿಕೊಟ್ಟ ಉತ್ತರವನ್ನೇ ಒಪ್ಪಿಸಿ ನಮ್ಮನ್ನು ಸಾಗಹಾಕುತ್ತಾರೆ.

ಇವುಗಳಲ್ಲಿ ಯಾವುದನ್ನೂ ಅಂಕ ಕೊಡುವ ಪರೀಕ್ಷೆಯೆಂದು ಭಾವಿಸಬಾರದು. ನಿದ್ದೆಗೆಟ್ಟ ಮಗುವಿನ ಆಟಕ್ಕೂ ಅದೇ ಮಗುವಿನ ಮರುವಾರದ ಆಟಕ್ಕೂ ಅಜಗಜಾಂತರವಿರಬಹುದಾದ್ದರಿಂದ, ಒಂದೇ ಆಟವನ್ನು ಬೇರೆ ಬೇರೆ ದಿನಗಳಲ್ಲಿ ಆಡಿಸಿ, ಮನೆಯವರ ಮತ್ತು ಶಿಕ್ಷಕರ ಮಾತಿನೊಡನೆ ತಾಳೆ ನೋಡಬೇಕು. ಇನ್ನು ನಾನು ಮೆಚ್ಚುವ ಜೆಂಗಾವನ್ನು ಮೊದಲ ಭೇಟಿಯಲ್ಲಿ ಹೊರತೆಗೆಯುವುದೇ ಇಲ್ಲ. ಅಪರಿಚಿತರ ಮುಂದೆ ಗೋಪುರ ಬೀಳಿಸಿದ ಮಗು ತೋರುವುದು ಸಂಕೋಚವನ್ನು. ಅದು ನಮ್ಮೆದುರು ನಿಯಮದ ಬಗ್ಗೆ ಜಗಳವಾಡುವಷ್ಟು ಸಲುಗೆ ಬೆಳೆಸಿಕೊಂಡ ಮೇಲಷ್ಟೇ ಆ ಪೆಟ್ಟಿಗೆ ತೆರೆಯುವುದು ಸರಿ.