ಮೂರು ವರ್ಷ ಬಳಸಿದ ಮೇಲೆ: ಆ್ಯಪ್ ಡಿಸೈನ್ ಪರೀಕ್ಷಿಸುವ ಆನ್‌ಲೈನ್ ತಾಣ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು ನಾಲ್ಕೇ ಜನರ ಆಫೀಸು. ಆ್ಯಪ್, ವೆಬ್‌ಸೈಟ್‌ಗಳ ಸ್ಕ್ರೀನ್ ಡಿಸೈನ್ ಮಾಡಿಕೊಡುತ್ತೇವೆ. ಮಾಡಿದ್ದು ಜನರಿಗೆ ತಿಳಿಯುತ್ತದೋ ಇಲ್ಲವೋ ಅಂತ ನೋಡಲು ಮೂರು ವರ್ಷದಿಂದ ಒಂದು ವಿದೇಶಿ ಟೆಸ್ಟಿಂಗ್ ತಾಣಕ್ಕೆ ದುಡ್ಡು ಕಟ್ಟುತ್ತಿದ್ದೇವೆ. ಬೈಯುವುದೂ ಇದೆ, ಹಾಗಾಗಿ ಹೆಸರು ಹಾಕುವುದಿಲ್ಲ.

ಕೆಲಸ ಮಾಡುವ ರೀತಿ ಸರಳ. ಫಿಗ್ಮಾ ಅನ್ನುವ ಡಿಸೈನ್ ತಂತ್ರಾಂಶದಲ್ಲಿ ಮಾಡಿದ ಪ್ರೊಟೊಟೈಪ್‌ನ (ಒತ್ತಿ ನೋಡಬಹುದಾದ ಮಾದರಿ) ಲಿಂಕ್ ಹಾಕಬೇಕು, ಒಂದು ಟಾಸ್ಕ್, ಅಂದರೆ ಮಾಡಿ ತೋರಿಸಬೇಕಾದ ಕೆಲಸ, ಬರೆಯಬೇಕು. ತಾಣದ ಟೆಸ್ಟರ್‌ಗಳು ಅದನ್ನು ಮಾಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆ. ಸ್ಕ್ರೀನ್, ದನಿ ಎರಡೂ ರೆಕಾರ್ಡ್ ಆಗುತ್ತವೆ. ಎಲ್ಲೆಲ್ಲಿ ಒತ್ತಿದರು ಅನ್ನುವುದು ಹೀಟ್‌ಮ್ಯಾಪ್‌ನಲ್ಲಿ ಬಣ್ಣವಾಗಿ ಕಾಣುತ್ತದೆ. ಮಧ್ಯಾಹ್ನ ಹಾಕಿದರೆ ಸಂಜೆಗೆ ಐದು ರೆಕಾರ್ಡಿಂಗ್ ಬಂದಿರುತ್ತವೆ. ಈ ವೇಗಕ್ಕೆ ಮೊದಲ ವರ್ಷ ನಾನು ಮರುಳಾಗಿದ್ದು ನಿಜ.

ಐದೇ ಜನ ಸಾಕಾ ಅಂತ ಕ್ಲೈಂಟ್‌ಗಳು ಕೇಳುತ್ತಾರೆ. ಬಳಕೆ ಎಷ್ಟು ಸುಲಭ ಅಂತ ಪರೀಕ್ಷಿಸುವುದರಲ್ಲಿ ತಜ್ಞನಾದ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದ ಲೆಕ್ಕ ಅದು: ಐದು ಜನ ಬಳಸಿದರೆ ಸುಮಾರು 85% ತೊಂದರೆಗಳು ಹೊರಗೆ ಬೀಳುತ್ತವೆ. ಆದರೆ ಅದೇ ಬರಹದಲ್ಲಿ ಇನ್ನೊಂದು ಮಾತೂ ಇದೆ. ಬಳಸುವವರಲ್ಲಿ ಎರಡು ಬೇರೆ ಬೇರೆ ಗುಂಪಿದ್ದರೆ ಒಂದೊಂದರಿಂದಲೂ ಮೂರು ನಾಲ್ಕು ಜನ ಬೇಕು. ನಾವು ಎಡವಿದ್ದು ಅಲ್ಲೇ.

ಬ್ಯಾಡಗಿಯ ಒಬ್ಬ ದಲಾಲಿ ಅಂಗಡಿಯವರಿಗೆ ಆ್ಯಪ್ ಮಾಡುತ್ತಿದ್ದೆವು. ಮೆಣಸಿನಕಾಯಿ ತಂದ ರೈತ ತನ್ನ ಲಾಟ್‌ನ (ಮಾರಲು ಇಟ್ಟ ಮಾಲಿನ) ತೂಕ, ಬಿದ್ದ ದರ, ಲೆಕ್ಕದ ಪಟ್ಟಿ ಎಲ್ಲವನ್ನೂ ಮೊಬೈಲ್‌ನಲ್ಲೇ ನೋಡಬೇಕು, ಇಷ್ಟೇ. ತಾಣದಲ್ಲಿ ಭಾರತದ ಟೆಸ್ಟರ್‌ಗಳನ್ನೇ ಆರಿಸಿ ಹಾಕಿದೆವು. ಐವರೂ ಒಂದು ನಿಮಿಷದೊಳಗೆ ಮುಗಿಸಿದರು. ಅವರು ತಿಂಗಳಿಗೆ ಎಷ್ಟೋ ಟೆಸ್ಟ್ ಮಾಡುವ ಪಳಗಿದ ಕೈಗಳು. ಎಲ್ಲಿ ಬಟನ್ ಇರುತ್ತದೆ ಅಂತ ನೋಡದೇ ಹೇಳುತ್ತಾರೆ. ಒಬ್ಬರು ಮಾತ್ರ, ಮೊತ್ತ ಕೆಂಪು ಬಣ್ಣದಲ್ಲಿದೆ, ಏನೋ ತಪ್ಪಾಗಿದೆ ಅನಿಸಿತು ಅಂದರು. ಮೆಣಸಿನಕಾಯಿ ಆ್ಯಪ್ ಕೆಂಪಗಿಲ್ಲದೆ ಇನ್ಹೇಗೆ ಇರಬೇಕು ಅಂತ ನಾವು ನಕ್ಕೆವು.

ಅಂಗಡಿಯ ಮಾಲೀಕರು ಮಾತ್ರ ಒಪ್ಪಲಿಲ್ಲ. "ನಮ್ಮ ಮಂದಿ ಕೈಯಾಗ ಕೊಟ್ಟು ನೋಡ್ರಿ ಒಮ್ಮೆ" ಅಂದರು. ತಾಣದಲ್ಲಿ ನಮ್ಮ ಜನರನ್ನೇ ಲಿಂಕ್ ಕಳಿಸಿ ಕರೆಯುವ ಸೌಲಭ್ಯ ಇದೆ. ಇಷ್ಟು ದುಡ್ಡಿಗೆ ನನಗೆ ದಕ್ಕಿದ ಅತಿ ಒಳ್ಳೆಯ ಸಂಗತಿ ಅದೇ. ನಮ್ಮ ಆಫೀಸಿನ ಹುಡುಗ ಮಾರುಕಟ್ಟೆ ದಿನ ಫೋನ್ ಹಿಡಿದು ಹೋಗಿ ಚೀಲಗಳ ಪಕ್ಕ ಕುಳಿತ. ಘಾಟಿಗೆ ರೆಕಾರ್ಡಿಂಗ್ ತುಂಬಾ ಬರೀ ಸೀನು, ಕೆಮ್ಮು.

ಅರವತ್ತು ದಾಟಿದ ಒಬ್ಬ ಅಜ್ಜ ಫೋನ್ ತೆಗೆದುಕೊಂಡರು. ತಮ್ಮ ಲಾಟ್ ಹುಡುಕಿದರು, ಸರಿಯಾಗಿ ಸಿಕ್ಕಿತು. ಕೆಳಗೆ 'ದೃಢೀಕರಿಸಿ' ಅಂತ ಬಟನ್. ಸ್ಕ್ರೀನ್ ಹನ್ನೊಂದು ಸೆಕೆಂಡ್ ಅಲ್ಲಾಡಲಿಲ್ಲ. ಹೆಬ್ಬೆರಳು ಬಟನ್ ಮೇಲೆ ಹೋಗಿ ಹಿಂದೆ ಬಂತು ಅಂತ ಹುಡುಗ ಆಮೇಲೆ ಹೇಳಿದ. ಕೊನೆಗೆ ಅಜ್ಜನ ದನಿ: "ತಮ್ಮಾ, ಇದನ್ನ ಒತ್ತಿದ್ರ ರೊಕ್ಕ ಹೊಕ್ಕಾವೇನು?"

ಹೀಟ್‌ಮ್ಯಾಪ್ ತೆರೆದರೆ ಆ ಜಾಗ ಖಾಲಿ. ಒತ್ತಿದ್ದಕ್ಕೆ ಬಣ್ಣ ಇದೆ, ಹೆದರಿ ಒತ್ತದೇ ಬಿಟ್ಟದ್ದಕ್ಕೆ ಬಣ್ಣ ಇಲ್ಲ. ಅದಾದ ಮೇಲೆ ನಾನು ಹೀಟ್‌ಮ್ಯಾಪ್ ನೋಡುವುದನ್ನು ಕಡಿಮೆ ಮಾಡಿ, ರೆಕಾರ್ಡಿಂಗ್ ಪೂರ್ತಿ ಕೇಳತೊಡಗಿದೆ. ಬಟನ್ 'ದರ ನೋಡಿ' ಅಂತಾಯಿತು. ಅದನ್ನು ಒತ್ತಲು ಯಾರೂ ಹಿಂದೆಮುಂದೆ ನೋಡಲಿಲ್ಲ.

ಇನ್ನೊಂದು ಫಜೀತಿ ಸೌಜನ್ಯದ್ದು. ನಮ್ಮ ಕಡೆಯವರ ಕೈಗೆ ಏನು ಕೊಟ್ಟರೂ "ಚೊಲೋ ಐತ್ರಿ" ಅನ್ನುತ್ತಾರೆ. ಎದುರಿಗೆ ಕೂತ ಹುಡುಗನ ಮನಸ್ಸು ನೋಯಿಸಬಾರದು, ಅಷ್ಟೇ. ಈಗ ಶುರುವಿನಲ್ಲೇ "ಇದು ನಾವು ಮಾಡಿದ್ದಲ್ರಿ, ಬ್ಯಾರೇದವರದು, ತಪ್ಪು ಹುಡುಕಿ ಕೊಡ್ರಿ" ಅಂತ ಹೇಳಿಬಿಡುತ್ತೇವೆ. ಸುಳ್ಳೇ, ಆದರೆ ಬಾಯಿ ಬಿಚ್ಚಿಸುತ್ತದೆ.

ಟೆಸ್ಟ್ ಮುಗಿದ ಮೇಲೆ ಅಂಕ ಕೇಳುವ ಪ್ರಶ್ನೆಪಟ್ಟಿಯೂ ತಾಣದಲ್ಲಿದೆ. ಬಳಕೆ ಎಷ್ಟು ಸುಲಭ ಅಂತ ಅಳೆಯಲು 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಸಿಸ್ಟಮ್ ಯೂಸಬಿಲಿಟಿ ಸ್ಕೇಲ್ ಅದು. ಹತ್ತು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5: ಒಪ್ಪುವುದೇ ಇಲ್ಲ ಅಂದರೆ 1, ಪೂರ್ತಿ ಒಪ್ಪಿದರೆ 5. ಸರಾಸರಿ ಅಂತ ಎಲ್ಲರೂ ಹಿಡಿಯುವುದು ನೂರಕ್ಕೆ 68. ಕನ್ನಡಕ್ಕೆ ನಾವೇ ಅನುವಾದಿಸಿ ಹಾಕಿದೆವು. ಹೊಗಳಿದ ಬಹಳಷ್ಟು ಮಂದಿಗೆ ಬಂದ ಅಂಕ ಸರಿಯಾಗಿ 50! ತಲೆ ಕೆರೆದುಕೊಂಡು ನೋಡಿದರೆ, ಆ ಹತ್ತರಲ್ಲಿ ಒಂದು ವಾಕ್ಯ ಹೊಗಳಿಕೆ, ಮುಂದಿನದು ತೆಗಳಿಕೆ. ಇವರು 5 ಅಂದರೆ ಒಳ್ಳೆಯದು ಅಂತ ಹತ್ತಕ್ಕೂ 5 ಒತ್ತಿದ್ದರು. ಒಂದು ಇನ್ನೊಂದನ್ನು ಹೊಡೆದು ಹಾಕಿ ಉಳಿದದ್ದು 50. ಈಗ ಪ್ರಶ್ನೆಗಳನ್ನು ಬಾಯಲ್ಲೇ ಕೇಳಿ ನಾವೇ ತುಂಬುತ್ತೇವೆ.

ಕಾರ್ಡ್ ಸಾರ್ಟಿಂಗ್ (ಹೆಸರು ಬರೆದ ಕಾರ್ಡ್‌ಗಳನ್ನು ಬಳಸುವವರಿಂದಲೇ ಗುಂಪು ಮಾಡಿಸುವುದು) ಮಾತ್ರ ತಕರಾರಿಲ್ಲದೆ ಇಷ್ಟವಾಯಿತು. ಗದಗ ಬೆಟಗೇರಿಯ ಸೀರೆ ಮಾರುವವರ ಆ್ಯಪ್‌ಗೆ ನಾವು ಬೆಲೆ, ಬಣ್ಣ ಅಂತ ವಿಭಾಗ ಮಾಡಿದ್ದೆವು. ಹೆಣ್ಣುಮಕ್ಕಳಿಗೆ ಕಾರ್ಡ್ ಜೋಡಿಸಲು ಕೊಟ್ಟರೆ ಮನೆಯಲ್ಲಿ ಉಡಲು, ಮದುವೆಗೆ, ಆಯೇರಿಗೆ (ಶುಭಕಾರ್ಯದಲ್ಲಿ ಉಡುಗೊರೆ ಕೊಡಲು) ಅಂತ ಗುಂಪು ಮಾಡಿದರು. ಆಯೇರಿ ಅನ್ನುವ ವಿಭಾಗ ನಮ್ಮ ತಲೆಗೆ ಹೊಳೆದೇ ಇರಲಿಲ್ಲ, ಆಫೀಸಿನಲ್ಲಿ ನಾಲ್ವರೂ ಇದೇ ಸೀಮೆಯವರಾಗಿದ್ದೂ.

ಇನ್ನು ಬೈಗುಳ. ಮಾತನ್ನು ತಾನಾಗಿ ಬರಹಕ್ಕಿಳಿಸುತ್ತದೆ ಅಂತ ಹೇಳಿಕೊಳ್ಳುತ್ತಾರೆ. ನಮ್ಮ ಕಡೆಯ ಕನ್ನಡ ಬಂದರೆ ಅದು ಕೈ ಚೆಲ್ಲುತ್ತದೆ. "ಹೌದ್ರಿ" ಅನ್ನುವುದು ಒಂದೊಂದು ಸಲ ಒಂದೊಂದು ವೇಷ ಹಾಕಿಕೊಂಡು ಬರುತ್ತದೆ. ಸಪೋರ್ಟ್‌ಗೆ ಬರೆದರೆ ಉತ್ತರ ನಡುರಾತ್ರಿ. ಟಾಸ್ಕ್ ತೋರಿಸುವ ಪೆಟ್ಟಿಗೆಯಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತಿತ್ತು. ಅದನ್ನು ಸರಿಮಾಡಲು ಎಂಟು ತಿಂಗಳು ತೆಗೆದುಕೊಂಡರು.

ದುಡ್ಡಿನದು ಬೇರೆಯೇ ಕತೆ. ಬಿಲ್ ಡಾಲರ್‌ನಲ್ಲಿ, ಬಳಸದೆ ಉಳಿದ ಟೆಸ್ಟ್ ಕ್ರೆಡಿಟ್ ಮುಂದಿನ ತಿಂಗಳಿಗೆ ಬರುವುದಿಲ್ಲ. ವಾರ್ಷಿಕ ಪ್ಲ್ಯಾನ್ ತಾನಾಗಿ ನವೀಕರಣ ಆಗುತ್ತದೆ ಅಂತ ನಂಬಿ ಕೂತಿದ್ದೆ. ಕಾರ್ಡಿನಿಂದ ತಾನಾಗಿ ಹೋಗುವ ಪಾವತಿ ₹15,000 ದಾಟಿದರೆ ಪ್ರತಿ ಸಲವೂ ಒಟಿಪಿ ಬೇಕು ಅನ್ನುವುದು ನಮ್ಮ ರಿಸರ್ವ್ ಬ್ಯಾಂಕ್ ನಿಯಮ. ಪಾವತಿ ಆಗಲಿಲ್ಲ, ಖಾತೆ ಬಂದ್. ಹಳೆಯ ರೆಕಾರ್ಡಿಂಗ್‌ಗಳಿಗೂ ಬೀಗ. ಅದೂ ಕ್ಲೈಂಟ್ ಎದುರು ಪ್ರೊಜೆಕ್ಟರ್ ಹಚ್ಚಿ ನಿಂತಾಗ!

ಅವತ್ತಿನಿಂದ ಬೇಕಾದ ರೆಕಾರ್ಡಿಂಗ್‌ಗಳನ್ನು ಅದೇ ದಿನ ಡೌನ್‌ಲೋಡ್ ಮಾಡಿ ಹಾರ್ಡ್ ಡಿಸ್ಕ್‌ಗೆ ಹಾಕುತ್ತೇವೆ. ವಾರ್ಷಿಕ ಪ್ಲ್ಯಾನ್ ಬಿಟ್ಟಾಯಿತು. ತಾಣದ ಟೆಸ್ಟರ್‌ಗಳನ್ನು ಬರೀ ಇಂಗ್ಲಿಷ್ ಪ್ರಾಜೆಕ್ಟ್‌ಗಳಿಗೆ ಬಳಸುತ್ತೇವೆ. ಮುಂದಿನ ತಿಂಗಳು ಸೀರೆ ಆ್ಯಪ್‌ನ ಎರಡನೇ ಸುತ್ತು ಇದೆ. ಅದಕ್ಕೆ ಒಂದೇ ತಿಂಗಳ ಪ್ಲ್ಯಾನ್ ಕೊಂಡು, ಹುಡುಗನನ್ನು ಬೆಟಗೇರಿಗೆ ಕಳಿಸುತ್ತೇನೆ.